84 ಲಕ್ಷ ಅಂದಿದ್ದು, 41 ಆಗಿದ್ದು: ಬೆಳಗಾವಿಯ ಎರಡು ಫೌಂಡ್ರಿ ಒಂದಾದ ಲೆಕ್ಕ

ಆ ಎಕ್ಸೆಲ್ ಶೀಟಿನ ಕೊನೆಯ ಸಾಲಿಗೆ ಹಸಿರು ಬಣ್ಣ ಹಚ್ಚಿದ್ದರು. ಎರಡು ಫೌಂಡ್ರಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ, ಒಂದಾದರೆ ವರ್ಷಕ್ಕೆ 84 ಲಕ್ಷ ರೂಪಾಯಿ ಉಳಿತಾಯ. ಪುಣೆಯಿಂದ ಬಂದಿದ್ದ ಸಲಹೆಗಾರ ಹುಡುಗ ಲ್ಯಾಪ್‌ಟಾಪ್ ತಿರುಗಿಸಿ ಎಲ್ಲರಿಗೂ ತೋರಿಸಿದ. ಟೇಬಲ್ ಮೇಲೆ ಕುಂದಾ ಇತ್ತು, ಚಹಾ ಇತ್ತು. ಉದ್ಯಮಬಾಗದ ಫೌಂಡ್ರಿಯ ಮಾಲೀಕರು ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದರು. ಅವರಿಗೆ ಆಗ 67 ವರ್ಷ. ಊರೆಲ್ಲ ಅವರನ್ನು ಕಾಕಾ ಅಂತಲೇ ಕರೆಯುತ್ತದೆ. ಓದಿ ಮುಗಿಸಿ ಕೇಳಿದರು:

"ಇದು ಯಾರ ಕಿಸೆದಾಗಿಂದ ಬರ್ತೈತ್ರಿ?"

ಹುಡುಗ ನಕ್ಕ. ನಾನೂ ನಕ್ಕೆ. ಕಂಪನಿಗಳ ಖರ್ಚಿನ ಲೆಕ್ಕ ನೋಡುವುದೇ ನನ್ನ ಹೊಟ್ಟೆಪಾಡು. ಆದರೂ ಆ ಪ್ರಶ್ನೆಯ ತೂಕ ನನಗೆ ಆವತ್ತು ಗೊತ್ತಾಗಲಿಲ್ಲ. ಒಂದೂವರೆ ವರ್ಷ ಬೇಕಾಯಿತು.

ಇದು ಆ ಎರಡು ಫೌಂಡ್ರಿಗಳ ಕಥೆ. ಗುರುತು ಸಿಗಬಾರದು ಅಂತ ಹೆಸರು ಬಿಟ್ಟಿದ್ದೇನೆ. ಅಂಕಿಗಳನ್ನು ದುಂಡಗೆ ಮಾಡಿ ಒಂದಿಷ್ಟು ಆಚೀಚೆ ಸರಿಸಿದ್ದೇನೆ. ಯಾವುದು ದೊಡ್ಡದು, ಯಾವುದು ಸಣ್ಣದು ಅನ್ನೋದು ಮಾತ್ರ ಇದ್ದ ಹಾಗೇ ಇದೆ.

ಇಬ್ಬರಿಗೂ ಯಾಕೆ ಬೇಕಿತ್ತು

ಬೆಳಗಾವಿಯಿಂದ ಖಾನಾಪುರ ರಸ್ತೆ ಹಿಡಿದರೆ ಮೊದಲು ಉದ್ಯಮಬಾಗ, ಆಮೇಲೆ ಪೀರನವಾಡಿ, ಅದನ್ನು ದಾಟಿದರೆ ಮಚ್ಛೆ. ಈ ರಸ್ತೆಯ ಎರಡೂ ಬದಿ ಎರಕದ ಕೆಲಸಕ್ಕೆ ಹೆಸರಾದ ಜಾಗ. ಪಂಪಿನ ಬಾಡಿ, ವಾಲ್ವ್, ಹೈಡ್ರಾಲಿಕ್ ಬ್ಲಾಕ್, ಟ್ರ್ಯಾಕ್ಟರ್ ಭಾಗ, ಹೀಗೆ ಏನೇನೋ ಇಲ್ಲಿಂದ ಕೊಲ್ಹಾಪುರ, ಪುಣೆಗೆ ಹೋಗುತ್ತವೆ.

ಕಾಕಾ ಅವರದು ಹಳೆಯ ಫೌಂಡ್ರಿ. ಕರೆಂಟಿನಿಂದ ಕರಗಿಸುವ 500 ಕಿಲೋದ ಇಂಡಕ್ಷನ್ ಭಟ್ಟಿ. ತಿಂಗಳಿಗೆ 100 ಟನ್ ಲೋಹ ಕರಗಿಸಿದರೆ 60 ಟನ್ ಮಾಲು ಹೊರಗೆ ಬರುತ್ತಿತ್ತು. ಉಳಿದದ್ದು ರನ್ನರ್, ರೈಸರ್ (ಅಚ್ಚಿಗೆ ಲೋಹ ಹೋಗುವ ದಾರಿಯಲ್ಲೇ ಗಟ್ಟಿಯಾದದ್ದು), ರಿಜೆಕ್ಟ್ ಆಗಿ ಮತ್ತೆ ಭಟ್ಟಿಗೇ ವಾಪಸ್. ಅವರ ಬಲ ಎಂದರೆ ದಪ್ಪ ವಾಲ್ವ್ ಬಾಡಿ. ನೆಲದ ಮೇಲೆ ಕೈಯಿಂದ ಮೋಲ್ಡಿಂಗ್, ಅಂದರೆ ಮರಳಿನ ಅಚ್ಚು ಮಾಡುವುದು. ಪಕ್ಕದಲ್ಲೇ ಒಂದು ಒಳ್ಳೆಯ ಮಷಿನ್ ಶಾಪ್. ಮಕ್ಕಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್, ವಾಪಸ್ ಬರುವ ಮಾತಿಲ್ಲ.

ಮಚ್ಛೆಯವರು 44ರ ಮನುಷ್ಯ, ಮನೆಮಾತು ಮರಾಠಿ, ಎಲ್ಲರಿಗೂ ದಾದಾ. ಕಾಕಾ ಕನ್ನಡದಲ್ಲಿ ಕೇಳಿದ್ದಕ್ಕೆ ಅವರು ಮರಾಠಿಯಲ್ಲಿ ಉತ್ತರ ಕೊಟ್ಟು, ಮತ್ತೆ ಕನ್ನಡದಲ್ಲಿ ಜಗಳ ಮುಗಿಸುತ್ತಿದ್ದರು. ಬೆಳಗಾವಿಯಲ್ಲಿ ಇದೇನು ದೊಡ್ಡ ವಿಷಯ ಅಲ್ಲ ಬಿಡಿ. ಅವರದು 1 ಟನ್ನಿನ ಹೊಸ ಭಟ್ಟಿ, ಅರ್ಪಾ ಅನ್ನುವ ಮೋಲ್ಡಿಂಗ್ ಮಷಿನ್‌ಗಳು, ಬ್ಯಾಂಕಿನ ಸಾಲ. ಭಟ್ಟಿಗೆ ಒಂದೇ ಪಾಳಿಯಲ್ಲಿ ತಿಂಗಳಿಗೆ 250 ಟನ್ ಕರಗಿಸುವ ತಾಕತ್ತು. ಕರಗಿಸುತ್ತಿದ್ದದ್ದು 130.

ಅಂದರೆ ಒಬ್ಬರ ಹತ್ತಿರ ಆರ್ಡರ್ ಇದೆ, ಮುಂದೆ ನೋಡಿಕೊಳ್ಳುವವರಿಲ್ಲ. ಇನ್ನೊಬ್ಬರ ಹತ್ತಿರ ಭಟ್ಟಿ ಇದೆ, ತುಂಬುವಷ್ಟು ಕೆಲಸ ಇಲ್ಲ. ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಗುತ್ತದೆ ಅಂತ ಇಬ್ಬರ ಬ್ಯಾಂಕಿನವರೂ ಹೇಳಿದರು.

ಬ್ಯಾಂಕಿನವರಿಗೆ ವಿಲೀನ ಗೊತ್ತಿರುವ ವಿಷಯವೇ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ ಸೇರಿತ್ತು. ಆಗ ನಮಗೆಲ್ಲ ಕಂಡಿದ್ದು ಬದಲಾದ ಐಎಫ್‌ಎಸ್‌ಸಿ ಕೋಡ್, ಹೊಸ ಚೆಕ್‌ಬುಕ್, ಹೊಸ ಬೋರ್ಡ್. ಅದಕ್ಕೂ ಮುಂಚೆ 2000ದಲ್ಲಿ ಇಲ್ಲಿನ ಅಲ್ಯೂಮಿನಾ ಕಾರ್ಖಾನೆಯ ಇಂಡಾಲ್ ಕಂಪನಿ ಹಿಂಡಾಲ್ಕೊ ಕೈಗೆ ಹೋಗಿತ್ತು. ಜನರ ಬಾಯಲ್ಲಿ ಇಂಡಾಲ್ ಅನ್ನೋದು ಅಷ್ಟು ಬೇಗ ಹೋಗಲಿಲ್ಲ. ಬೋರ್ಡ್ ಬದಲಿಸುವುದು ಒಂದು ದಿನದ ಕೆಲಸ. ಒಳಗಿನದು ಬೇರೆ.

ಕಾಗದದ ಕೆಲಸ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇಲ್ಲಿ ಅಂಥ ತೊಂದರೆ ಆಗಲಿಲ್ಲ. ಕಂಪನಿ ಕಾಯ್ದೆ 2013ರ 233ನೇ ಸೆಕ್ಷನ್‌ನಲ್ಲಿ ಸಣ್ಣ ಕಂಪನಿಗಳಿಗೆ ಒಂದು ಒಳದಾರಿ ಇದೆ. ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬೇಕಿಲ್ಲ. ಶೇ. 90ರಷ್ಟು ಷೇರು ಇರುವವರು ಒಪ್ಪಬೇಕು, ಸಾಲ ಕೊಟ್ಟವರಲ್ಲಿ ಮೊತ್ತದ ಲೆಕ್ಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಒಪ್ಪಬೇಕು, ಆಮೇಲೆ ಪ್ರಾದೇಶಿಕ ನಿರ್ದೇಶಕರ ಮುದ್ರೆ ಬೀಳಬೇಕು. 2022ರ ಸೆಪ್ಟೆಂಬರ್‌ನಲ್ಲಿ ಸಣ್ಣ ಕಂಪನಿಯ ಮಿತಿಯನ್ನು 4 ಕೋಟಿ ಬಂಡವಾಳ, 40 ಕೋಟಿ ವಹಿವಾಟಿಗೆ ಏರಿಸಿದ್ದರು. ನಮ್ಮವು ಎರಡೂ ಅದರೊಳಗೆ ಆರಾಮಾಗಿ ಕೂತವು. ಉದ್ಯಮಬಾಗದ ಕಂಪನಿ ಮಚ್ಛೆಯ ಕಂಪನಿಯೊಳಗೆ ಸೇರುವುದು, ಷೇರು 60ಕ್ಕೆ 40, ಲೆಕ್ಕಕ್ಕೆ ಹಿಡಿಯುವ ದಿನ 2023ರ ಏಪ್ರಿಲ್ 1.

ಎರಡು ಕಡೆ ಮಾತ್ರ ಕಾಲು ಸಿಕ್ಕಿಕೊಂಡಿತು.

ಒಂದು, ಗ್ರಾಚ್ಯುಟಿ. ಕಾಕಾ ಅವರ ಫೌಂಡ್ರಿಯಲ್ಲಿ 25, 30 ವರ್ಷ ದುಡಿದವರಿದ್ದರು. ಕಂಪನಿ ಕೈ ಬದಲಾದರೂ ಅವರ ಹಳೆಯ ಸರ್ವಿಸ್ ಮುರಿಯಬಾರದು, ಇಲ್ಲದಿದ್ದರೆ ಪರಿಹಾರ ಕೊಡಬೇಕು. ಮುಂದುವರಿಸುತ್ತೇವೆ ಅಂದರೆ ಅಷ್ಟೂ ವರ್ಷದ ಗ್ರಾಚ್ಯುಟಿ ಹೊಸ ಕಂಪನಿಯ ತಲೆ ಮೇಲೆ. ಇದಕ್ಕಂತ ಕಾಕಾ ಒಂದು ರೂಪಾಯಿ ತೆಗೆದಿಟ್ಟಿರಲಿಲ್ಲ. ಲೆಕ್ಕ ಹಾಕಿದಾಗ 19 ಲಕ್ಷ ಬಂತು. ಷೇರಿನ ಹಂಚಿಕೆ ಮತ್ತೊಮ್ಮೆ ಕೂತು ಮಾತಾಡಿದ್ದು ಇದೇ ಕಾರಣಕ್ಕೆ.

ಇನ್ನೊಂದು, ಹಳೆಯ ನಷ್ಟ. ಕಾಕಾ ಕಂಪನಿಯ ಪುಸ್ತಕದಲ್ಲಿ 60 ಲಕ್ಷದಷ್ಟು ಹಿಂದಿನ ನಷ್ಟ ಉಳಿದಿತ್ತು. ಆಗಿನ 1961ರ ಆದಾಯ ತೆರಿಗೆ ಕಾಯ್ದೆಯ 72ಎ ಸೆಕ್ಷನ್ ಪ್ರಕಾರ ಅದನ್ನು ಹೊಸ ಕಂಪನಿಯ ಲಾಭದಲ್ಲಿ ಕಳೆಯಬಹುದಿತ್ತು. ಪುಣೆಯ ಹುಡುಗ ಅದನ್ನೂ ಖುಷಿಯಿಂದ ಬರೆದಿದ್ದ. ಆದರೆ ಅದಕ್ಕೆ ಷರತ್ತುಗಳಿದ್ದವು. ಸೇರಿಬಂದ ಕಂಪನಿಯ ಕಟ್ಟಡ, ಯಂತ್ರದಂಥ ಸ್ಥಿರ ಆಸ್ತಿಯಲ್ಲಿ ಪುಸ್ತಕಬೆಲೆಯ ಮುಕ್ಕಾಲು ಭಾಗವನ್ನು ಐದು ವರ್ಷ ಮಾರಬಾರದು. ಆ ಘಟಕ ನಾಲ್ಕು ವರ್ಷದೊಳಗೆ ತನ್ನ ಸಾಮರ್ಥ್ಯದ ಅರ್ಧದಷ್ಟಾದರೂ ಉತ್ಪಾದನೆ ಮಾಡಿ ತೋರಿಸಬೇಕು. ನಾವು ಹೊರಟಿದ್ದು ಉದ್ಯಮಬಾಗದ ಭಟ್ಟಿ ಆರಿಸಿ ಮಾರುವುದಕ್ಕೆ! ಎರಡೂ ಒಟ್ಟಿಗೆ ಆಗೋದಿಲ್ಲ. ನಷ್ಟದಿಂದ ಉಳಿಯುವ ತೆರಿಗೆ ಹೆಚ್ಚೆಂದರೆ 15 ಲಕ್ಷ, ಅದೂ ಒಂದೇ ಸಲ. ಭಟ್ಟಿ ಆರಿಸಿದರೆ ಉಳಿಯುವುದು ಪ್ರತಿ ವರ್ಷ. ನಷ್ಟವನ್ನು ಬಿಟ್ಟುಬಿಡಿ ಅಂತ ನಾನು ಹೇಳಿದೆ. ಈ ಇಡೀ ಪ್ರಕರಣದಲ್ಲಿ ನಾನು ಮೊದಲ ಸಲಕ್ಕೇ ಸರಿಯಾಗಿ ಹೇಳಿದ್ದು ಇದೊಂದೇ ಇರಬೇಕು.

84 ಲಕ್ಷ ಹೀಗೆ ಬಂದಿತ್ತು

ಶೀಟಿನಲ್ಲಿ ಇದ್ದದ್ದು: ಆಫೀಸು ಮತ್ತು ಸಿಬ್ಬಂದಿಯಿಂದ 34 ಲಕ್ಷ. ಕಚ್ಚಾ ಮಾಲಿನ ಖರೀದಿಯಿಂದ 24. ಕರೆಂಟಿನಿಂದ 12. ಸಾಗಣೆ ಮತ್ತು ಇತರೆ 14. ಒಂದೇ ಸಲ ಆಗುವ ಖರ್ಚು 12 ಲಕ್ಷ.

ಮೊದಲ ನೋಟಕ್ಕೇ ಒಂದು ತಪ್ಪು ಕಾಣುತ್ತಿತ್ತು. ಖರೀದಿಯಲ್ಲಿ ಲೆಕ್ಕ ಹಿಡಿದ ದರ ಫೌಂಡ್ರಿ ಬಾಗಿಲಿಗೆ ಬಂದು ಬೀಳುವ ದರ. ಅಂದರೆ ಲಾರಿ ಬಾಡಿಗೆ ಅದರಲ್ಲೇ ಇದೆ. ಅದೇ ಬಾಡಿಗೆಯ ಉಳಿತಾಯವನ್ನು ಸಾಗಣೆಯ ಸಾಲಿನಲ್ಲಿ ಇನ್ನೊಮ್ಮೆ ಬರೆದಿದ್ದರು. ಸುಮಾರು 6 ಲಕ್ಷ ಅಲ್ಲೇ ಗಾಳಿ. ಇಂಥದ್ದು ದೊಡ್ಡ ದೊಡ್ಡ ಕಂಪನಿಗಳ ವಿಲೀನದಲ್ಲೂ ಆಗುತ್ತದೆ. ಖರೀದಿಯವರು ಒಂದು ಶೀಟ್ ಮಾಡ್ತಾರೆ, ಸಾಗಣೆಯವರು ಒಂದು. ಕೂಡಿಸುವವನಿಗೆ ಎರಡೂ ಬೇರೆ ಬೇರೆ ಅಂತಲೇ ಕಾಣುತ್ತದೆ.

ಆದರೆ ದೊಡ್ಡ ತಪ್ಪು ಇದಲ್ಲ. 84ರಲ್ಲಿ ಅತಿ ದೊಡ್ಡ ಸಾಲು ಸಿಬ್ಬಂದಿಯದು, ಅತಿ ಸಣ್ಣದು ಕರೆಂಟಿನದು. ಆಗಿದ್ದು ತಲೆಕೆಳಗು.

ಮುಷ್ಟಿಯಲ್ಲಿ ಮರಳು

ವಿಲೀನದ ಆದೇಶ ಕೈಗೆ ಬರುವ ಹೊತ್ತಿಗೆ ಮಳೆಗಾಲ ಶುರುವಾಗಿತ್ತು. ಬೆಳಗಾವಿಯ ಮಳೆ ಗೊತ್ತಲ್ವಾ, ಜೂನ್‌ನಲ್ಲಿ ಹಿಡಿದರೆ ಬಟ್ಟೆ ಒಣಗೋದೇ ಇಲ್ಲ. ಜುಲೈ ಮೊದಲ ವಾರ ಮರಳಿನಲ್ಲಿ ಅಚ್ಚು ಮೂಡಿಸುವ ಉದ್ಯಮಬಾಗದ ಪ್ಯಾಟರ್ನ್‌ಗಳೆಲ್ಲ ಟೆಂಪೋದಲ್ಲಿ ಮಚ್ಛೆಗೆ ಹೋದವು. ಜೊತೆಗೆ ಹನ್ನೊಂದು ಮೋಲ್ಡರ್‌ಗಳು.

ಅವರಲ್ಲಿ ಒಬ್ಬರು ಖಾನಾಪುರ ತಾಲ್ಲೂಕಿನ ಹಳ್ಳಿಯವರು, 31 ವರ್ಷದ ಸರ್ವಿಸ್. ಎಲ್ಲರೂ ಮಾಮಾ ಅಂತಾರೆ. ಮೊದಲ ದಿನ ಅವರು ಮಚ್ಛೆಯ ಸ್ಯಾಂಡ್ ಮಿಕ್ಸರ್ ಹತ್ತಿರ ಹೋದರು. ಒಂದು ಹಿಡಿ ಮರಳು ತೆಗೆದುಕೊಂಡರು. ಮುಷ್ಟಿ ಬಿಗಿಯಾಗಿ ಹಿಡಿದು ಬಿಟ್ಟರು. ಅಂಗೈ ಮೇಲೆ ಮರಳಿನ ಉಂಡೆ, ಅದರ ಮೇಲೆ ನಾಲ್ಕು ಬೆರಳಿನ ಗುರುತು. ಎರಡೂ ಕೈಯಿಂದ ಮುರಿದರು. ಚೂಪಾಗಿ, ಬಿಸ್ಕತ್ ಮುರಿದ ಹಾಗೆ ಮುರಿಯಿತು. ಮುರಿದ ತುದಿಯನ್ನು ಬಾಯಿಗೆ ಹಿಡಿದು ಊದಿದರು. ಆಮೇಲೆ ತಲೆ ಅಲ್ಲಾಡಿಸಿದರು.

"ಚಂದ ಐತಿ. ಆದ್ರ ಇದಕ್ಕ ಉಸಿರಿಲ್ರಿ."

ಪಕ್ಕದಲ್ಲಿ ಲ್ಯಾಬ್‌ನ ಹುಡುಗ ಇದ್ದ. ಅವನ ಕೈಯಲ್ಲಿ ರಿಪೋರ್ಟ್ ಇತ್ತು. ತೇವ ಸರಿ ಇದೆ, ಬಲ ಸರಿ ಇದೆ. "ಎಲ್ಲಾ ರೇಂಜ್‌ನಾಗ ಐತಿ ಮಾಮಾ" ಅಂದ. ಮಾಮಾ ಸುಮ್ಮನಾದರು.

ವಿಷಯ ಇಷ್ಟೇ. ಮಚ್ಛೆಯವರದು ತೆಳು ಗೋಡೆಯ ಸಣ್ಣ ಮಾಲು. ಅದಕ್ಕೆ ಸಣ್ಣ ಕಾಳಿನ ಮರಳು ಬೇಕು, ಮೇಲ್ಮೈ ನುಣುಪಾಗಿ ಬರುತ್ತದೆ. ಕಾಕಾ ಅವರದು 180 ಕಿಲೋದವರೆಗಿನ ದಪ್ಪ ವಾಲ್ವ್ ಬಾಡಿ. ಕರಗಿದ ಕಬ್ಬಿಣ ಅಷ್ಟು ದಪ್ಪಕ್ಕೆ ಬಿದ್ದಾಗ ಹಸಿ ಮರಳಿನ ನೀರು ಆವಿಯಾಗುತ್ತದೆ, ಅದರಲ್ಲಿರುವ ಕಲ್ಲಿದ್ದಲ ಪುಡಿ ಸುಟ್ಟು ಗ್ಯಾಸ್ ಆಗುತ್ತದೆ. ಅದು ಮರಳಿನ ಕಾಳುಗಳ ಸಂದಿಯಿಂದ ಹೊರಗೆ ಹೋಗಬೇಕು. ಸಂದಿ ಸಣ್ಣದಾದರೆ ಗ್ಯಾಸ್ ಲೋಹದೊಳಗೇ ಸಿಕ್ಕಿಕೊಂಡು ತೂತು ಬೀಳುತ್ತದೆ. ಬ್ಲೋ ಹೋಲ್. ಇದಕ್ಕೆ ಲ್ಯಾಬ್‌ನಲ್ಲಿ ಪರ್ಮಿಯಬಿಲಿಟಿ ಅಂತಾರೆ. ಮಾಮಾ ಉಸಿರು ಅಂದರು. ಲ್ಯಾಬ್ ರಿಪೋರ್ಟಿನ ರೇಂಜ್ ತೆಳು ಮಾಲಿಗೆ ಬರೆದದ್ದು, ಅದನ್ನು ಯಾರೂ ಯೋಚನೆ ಮಾಡಿರಲಿಲ್ಲ. ನಾನಂತೂ ಇಲ್ಲ. ಮರಳು ಅಂದರೆ ನನಗೆ ಟನ್ನಿಗೆ ಇಷ್ಟು ರೂಪಾಯಿ ಅಷ್ಟೇ.

ಉದ್ಯಮಬಾಗದ ಮಾಲಿನ ರಿಜೆಕ್ಷನ್ ಶೇ. 6 ಇದ್ದದ್ದು ಜುಲೈನಲ್ಲಿ 13ಕ್ಕೆ ಹೋಯಿತು. ಅದರ ಮೇಲೆ ಮಳೆ. ಮರಳಿನ ಶೆಡ್ಡಿನ ಒಂದು ಬದಿ ತೆರೆದಿತ್ತು. ತೂತು ಕೆಲವು ಸಲ ಮೇಲೆ ಕಾಣುವುದೇ ಇಲ್ಲ. ಮಷಿನ್ ಶಾಪಿನಲ್ಲಿ ಅರ್ಧ ಕೆತ್ತಿದ ಮೇಲೆ ಹೊರಬೀಳುತ್ತದೆ. ಅಷ್ಟು ಹೊತ್ತಿನ ಮಷಿನ್ ಕೆಲಸವೂ ದಂಡ. ನಾಲ್ಕು ತಿಂಗಳು ಹೀಗೇ ನಡೆಯಿತು. ಲೋಹ ಮತ್ತೆ ಕರಗಿಸಬಹುದು, ಆದರೆ ಕರೆಂಟು, ಕೂಲಿ, ಮರಳು, ಒಳಗಿನ ಟೊಳ್ಳಿಗೆ ಇಡುವ ಕೋರ್ ವಾಪಸ್ ಬರೋದಿಲ್ಲ. ಕಿಲೋಗೆ 45 ರೂಪಾಯಿ ಹಿಡಿದರೂ ಸುಮಾರು 8 ಲಕ್ಷ ಹೋಯಿತು.

ಪರಿಹಾರ ಆಶ್ಚರ್ಯ ಆಗುವಷ್ಟು ಸಾದಾ. ದಪ್ಪ ಮಾಲಿಗೆ ಬೇರೆ ಮರಳು, ಬೇರೆ ಮಿಕ್ಸರ್, ಬೇರೆ ಗುಡ್ಡೆ. ಅದಕ್ಕೆ ಮಾಮಾ ಮುಖ್ಯಸ್ಥ. ಮಿಕ್ಸರ್ ಮತ್ತು ಶೆಡ್ ರಿಪೇರಿಗೆ 6 ಲಕ್ಷ. ನವೆಂಬರ್‌ಗೆ ರಿಜೆಕ್ಷನ್ 5ಕ್ಕೆ ಇಳಿಯಿತು. ಎರಡನ್ನು ಒಂದು ಮಾಡಿ ಉಳಿಸೋಣ ಅಂತ ಹೊರಟವರು, ಒಂದಿದ್ದ ಮರಳನ್ನು ಎರಡು ಮಾಡಿದ ಮೇಲೇ ಉಳಿಸಿದ್ದು.

ಕಿಸೆ ಹಿಡಿದುಕೊಂಡವರು

ಈಗ ಕಾಕಾ ಅವರ ಪ್ರಶ್ನೆಗೆ ಬರೋಣ.

ಸಿಬ್ಬಂದಿಯ 34 ಲಕ್ಷ. ಇಬ್ಬರು ಅಕೌಂಟೆಂಟ್ ಬದಲು ಒಬ್ಬರು, ಎರಡು ಸ್ಟೋರ್ ಬದಲು ಒಂದು, ಒಂದೇ ಖರೀದಿ ವಿಭಾಗ, ಒಂದೇ ಆಡಿಟ್, ಒಂದೇ ಸಾಫ್ಟ್‌ವೇರ್. ಕಾಗದದ ಮೇಲೆ ಸರಿ. ಆದರೆ ಯಾರನ್ನೂ ಮನೆಗೆ ಕಳಿಸಲ್ಲ ಅಂತ ಕಾಕಾ ಮೊದಲೇ ಮಾತು ಕೊಟ್ಟಿದ್ದರು. ನಿವೃತ್ತಿ ಆದವರ ಜಾಗ ತುಂಬಲಿಲ್ಲ, ಒಬ್ಬಿಬ್ಬರು ತಾವೇ ಬಿಟ್ಟು ಹೋದರು. ಹೀಗೆ 22 ಲಕ್ಷ ಉಳಿಯಿತು. ಅಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ.

ಉದ್ಯಮಬಾಗದ ಸಂಬಳ ಮಚ್ಛೆಗಿಂತ ಕಡಿಮೆ ಇತ್ತು. ಬೇರೆ ಬೇರೆ ಕಂಪನಿ ಇದ್ದಾಗ ಯಾರಿಗೂ ಅದು ಕಾಣುತ್ತಿರಲಿಲ್ಲ. ಒಂದೇ ಸಾಲಿನಲ್ಲಿ ಕೂತು ಬುತ್ತಿ ಬಿಚ್ಚಿದ ಮೂರನೇ ವಾರಕ್ಕೆ ಎಲ್ಲರಿಗೂ ಗೊತ್ತಾಯಿತು. ಗಣಪತಿ ಹಬ್ಬದ ಮುಂಚೆ ಒಂದು ಗುಂಪು ಆಫೀಸಿಗೆ ಬಂತು. ಜಗಳ ಇಲ್ಲ, ಕೂಗಾಟ ಇಲ್ಲ. "ಒಂದ ಕಂಪನಿ ಅಂದ್ಮ್ಯಾಲ ಒಂದ ಪಗಾರ ಆಗ್ಬೇಕಲ್ರಿ ಸಾಹೇಬ್ರ?" ಇದಕ್ಕೆ ಏನಂತ ಉತ್ತರ ಕೊಡ್ತೀರಿ? ಸಂಬಳ ಯಾವಾಗಲೂ ಮೇಲಿನ ಮಟ್ಟಕ್ಕೇ ಸಮ ಆಗುತ್ತದೆ, ಕೆಳಗಿನದಕ್ಕಲ್ಲ. ವರ್ಷಕ್ಕೆ 13 ಲಕ್ಷ ಹೆಚ್ಚಾಯಿತು. ಅದು ಅವರಿಗೆ ಸಲ್ಲಬೇಕಾದ ದುಡ್ಡೇ, ನನಗೇನೂ ತಕರಾರಿಲ್ಲ. ಆದರೆ ಶೀಟಿನಲ್ಲಿ ಅದಕ್ಕೊಂದು ಸಾಲು ಇರಬೇಕಿತ್ತು. ಉಳಿದಿದ್ದು 9 ಲಕ್ಷ.

ಖರೀದಿ. ಕಾಕಾ ತಿಂಗಳಿಗೆ 60 ಟನ್ನಿನಷ್ಟು ಪಿಗ್ ಐರನ್ ಮತ್ತು ಸ್ಕ್ರ್ಯಾಪ್ ಅನ್ನು ಊರಿನ ಒಬ್ಬ ವ್ಯಾಪಾರಿಯಿಂದ ಎಂಟು, ಹತ್ತು ಟನ್ ಅಂತ ತರಿಸುತ್ತಿದ್ದರು. ಈಗ ಪಿಗ್ ಐರನ್ ಕೊಪ್ಪಳ ಕಡೆಯಿಂದ ಪೂರ್ತಿ ಲಾರಿ ಲೋಡ್. ಕಿಲೋಗೆ 1 ರೂಪಾಯಿ 80 ಪೈಸೆ ಕಡಿಮೆ. ವರ್ಷಕ್ಕೆ 13 ಲಕ್ಷ. ಮಚ್ಛೆಯ ಖರೀದಿಯಲ್ಲೂ ಚೌಕಾಸಿ ಮಾಡಿ 5 ಲಕ್ಷ. ಒಟ್ಟು 18. ವಾಹ್ ಅಂದೆವು.

ಆದರೆ ಊರಿನ ವ್ಯಾಪಾರಿ 75 ದಿನ ಉದ್ರಿ ಕೊಡುತ್ತಿದ್ದ. ದೊಡ್ಡ ಕಡೆ ದುಡ್ಡು ಮೊದಲು, ಮಾಲು ಆಮೇಲೆ. ಎರಡೂವರೆ ತಿಂಗಳ ಮಾಲಿನ ದುಡ್ಡು, ಅಂದರೆ 70 ಲಕ್ಷದ ಮೇಲೆ, ಈಗ ನಾವು ಬ್ಯಾಂಕಿನಿಂದ ತರಬೇಕು. ಬಡ್ಡಿ 7 ಲಕ್ಷ. ಆ ವ್ಯಾಪಾರಿ ಕಿಲೋಗೆ ಹೆಚ್ಚಿಗೆ ತೆಗೆದುಕೊಳ್ಳುತ್ತಿದ್ದದ್ದು ಸುಮ್ನೆ ಅಲ್ಲ. ಅದರಲ್ಲಿ ಅರ್ಧಕ್ಕೂ ಜಾಸ್ತಿ ಬಡ್ಡಿಯೇ ಇತ್ತು. ಉಳಿದಿದ್ದು 11.

ಸಾಗಣೆ ಉಳಿಯಲೇ ಇಲ್ಲ. ಮಷಿನ್ ಶಾಪ್ ಉದ್ಯಮಬಾಗದಲ್ಲಿ, ಭಟ್ಟಿ ಮಚ್ಛೆಯಲ್ಲಿ. ದಿನಾ ಟೆಂಪೋ ಪೀರನವಾಡಿ ದಾಟಿ ಹೋಗಿ ಬರಬೇಕು. ಬಾಡಿಗೆ, ಏರಿಸಿ ಇಳಿಸುವ ಕೂಲಿ ಸೇರಿ ವರ್ಷಕ್ಕೆ 5 ಲಕ್ಷ ಮೈಮೇಲೆ ಬಂತು.

ಇನ್ನು ಗಿರಾಕಿ. ಇದು ಶೀಟಿನಲ್ಲಿ ಎಲ್ಲೂ ಇರಲಿಲ್ಲ. ಒಂದು ಪಂಪ್ ಕಂಪನಿ ಒಂದೇ ಭಾಗವನ್ನು ಇಬ್ಬರಿಂದಲೂ ತರಿಸುತ್ತಿತ್ತು. ಅವರ ಲೆಕ್ಕ ಸರಳ: ಒಬ್ಬರ ಭಟ್ಟಿ ಕೆಟ್ಟರೆ ಇನ್ನೊಬ್ಬರು ಇರಲಿ. ಈಗ ಇಬ್ಬರೂ ಒಬ್ಬರೇ ಆದರು. ಅವರು ಮಾಡಿದ್ದು ಎರಡು ಕೆಲಸ. ಮೊದಲು ಫೋನ್ ಮಾಡಿ, "ನಿಮಗೆ ಈಗ ಉಳಿತಾಯ ಜಾಸ್ತಿ ಅಲ್ವಾ, ನಮಗೂ ದರದಲ್ಲಿ ಶೇ. 2 ಬಿಡಿ" ಅಂದರು. ದಾದಾ ಒಪ್ಪಲಿಲ್ಲ. ಎರಡನೆಯದು, ತಿಂಗಳಿಗೆ 8 ಟನ್ ಆರ್ಡರ್ ಬೇರೆ ಊರಿನ ಫೌಂಡ್ರಿಗೆ ಕೊಟ್ಟರು. ಅದರಿಂದ ಬರುತ್ತಿದ್ದ ಲಾಭದ ಪಾಲು ಕಿಲೋಗೆ 18 ರೂಪಾಯಿ ಹಿಡಿದರೆ ವರ್ಷಕ್ಕೆ 17 ಲಕ್ಷ ಹೋಯಿತು. ಉಳಿತಾಯದ ಲೆಕ್ಕ ಹಾಕುವವರು ಇದನ್ನು ಉಳಿತಾಯದ ಶೀಟಿನಲ್ಲಿ ಬರೆಯೋದಿಲ್ಲ, ಅದು ಮಾರಾಟದ ಶೀಟಿನ ವಿಷಯ ಅಂತಾರೆ. ಮಾರಾಟದವರು ಅದನ್ನು ಮಾರ್ಕೆಟ್ ಡಲ್ ಅಂತ ಬರೆಯುತ್ತಾರೆ. ಹೀಗೆ ಅದು ಎಲ್ಲೂ ಕಾಣೋದೇ ಇಲ್ಲ.

ನೋಡಿ, ಕೆಲಸಗಾರರ ಕಿಸೆ, ವ್ಯಾಪಾರಿಯ ಕಿಸೆ, ಗಿರಾಕಿಯ ಕಿಸೆ. ಯಾರ ಕಿಸೆಗೆ ಕೈ ಹಾಕಿದರೂ ಆ ಕಿಸೆಗೊಬ್ಬ ಮಾಲೀಕ ಇದ್ದಾನೆ. ಅವನು ಒಂದಲ್ಲ ಒಂದು ದಾರಿಯಲ್ಲಿ ವಾಪಸ್ ಎಳೆದುಕೊಳ್ಳುತ್ತಾನೆ.

ಯಾರ ಕಿಸೆಯೂ ಅಲ್ಲದ ದುಡ್ಡು

ಕರೆಂಟಿನ ಸಾಲಿಗೆ ಹುಡುಗ 12 ಲಕ್ಷ ಬರೆದಿದ್ದ. ಬಂದದ್ದು 26.

ಇದರಲ್ಲಿ 11 ಲಕ್ಷ ಬಂದದ್ದು ಒಂದು ಅರ್ಜಿಯಿಂದ. ಉದ್ಯಮಬಾಗದ ಹೈ ಟೆನ್ಷನ್, ಅಂದರೆ ಎಚ್‌ಟಿ ಕನೆಕ್ಷನ್‌ಗೆ ವಿದ್ಯುತ್ ಕಂಪನಿ ಹೆಸ್ಕಾಂ ಜೊತೆ 450 ಕೆವಿಎ ಕರಾರು ಇತ್ತು. ಕೆವಿಎ ಅಂದರೆ ಒಮ್ಮೆಗೆ ಎಷ್ಟು ಕರೆಂಟು ಎಳೆಯಬಹುದು ಅನ್ನೋದರ ಅಳತೆ. ಎಚ್‌ಟಿ ಬಿಲ್ಲಿನಲ್ಲಿ ಎರಡು ಭಾಗ. ಸುಟ್ಟ ಯೂನಿಟ್‌ಗೆ ಒಂದು, ಕರಾರು ಮಾಡಿಕೊಂಡ ಕೆವಿಎಗೆ ಇನ್ನೊಂದು. ಎರಡನೆಯದನ್ನು ಬಳಸಲಿ ಬಿಡಲಿ, ಕರಾರಿನ ಬಹುಪಾಲಿಗೆ ಕಟ್ಟಲೇಬೇಕು. ಭಟ್ಟಿ ಆರಿದ ಮೇಲೆ ಮಷಿನ್ ಶಾಪಿಗೆ 120 ಕೆವಿಎ ಸಾಕು. ಕರಾರು ಇಳಿಸಿದೆವು. ತಿಂಗಳಿಗೆ ಸುಮಾರು 95 ಸಾವಿರ ಕಡಿಮೆ ಆಯಿತು.

ಉಳಿದ 15 ಲಕ್ಷ ಭಟ್ಟಿಯ ಒಳಗಿನದು, ನನಗೆ ಅತಿ ಹೆಚ್ಚು ಇಷ್ಟವಾದದ್ದೂ ಇದೇ. ಒಂದು ಟನ್ ಬೀಡು ಕಬ್ಬಿಣವನ್ನು 1500 ಡಿಗ್ರಿಗೆ ಒಯ್ಯಲು ಲೆಕ್ಕದ ಪ್ರಕಾರ 400 ಯೂನಿಟ್ ಆಸುಪಾಸು ಸಾಕು. ಉದ್ಯಮಬಾಗದಲ್ಲಿ 720 ಸುಡುತ್ತಿತ್ತು. ಮಚ್ಛೆಯ ಹೊಸ ಭಟ್ಟಿಯಲ್ಲೂ 640. ಹಾಗಾದರೆ ಉಳಿದದ್ದು ಎಲ್ಲಿಗೆ ಹೋಗುತ್ತದೆ? ಭಟ್ಟಿಗೆ ಸುತ್ತಿದ ತಾಮ್ರದ ಕಾಯಿಲ್‌ನ ತಂಪು ನೀರಿಗೆ, ತೆರೆದ ಮುಚ್ಚಳದಿಂದ ಮೇಲಕ್ಕೆ, ದಿನಾ ಬೆಳಿಗ್ಗೆ ತಣ್ಣಗಾದ ಒಳಪದರದ ಲೈನಿಂಗನ್ನು ಮತ್ತೆ ಕಾಯಿಸುವುದಕ್ಕೆ. ಎಲ್ಲಕ್ಕಿಂತ ಜಾಸ್ತಿ, ಕಾಯುವುದಕ್ಕೆ. ಲೋಹ ಕರಗಿ ರೆಡಿ ಇದೆ, ಮೋಲ್ಡ್ ಆಗಿಲ್ಲ. ಅರ್ಧ ಗಂಟೆ ಲೋಹವನ್ನು ಬಿಸಿಯಾಗಿ ಹಿಡಿದಿಡಬೇಕು. ಮೀಟರ್ ತಿರುಗುತ್ತಲೇ ಇರುತ್ತದೆ.

ಎರಡು ಫೌಂಡ್ರಿಯ ಮಾಲು ಒಂದೇ ಭಟ್ಟಿಗೆ ಬಂದಾಗ ಕಾಯುವುದು ನಿಂತುಹೋಯಿತು. ತೆಳು ಮಾಲಿನ ಅಚ್ಚಿನ ಬಾಕ್ಸ್ ಮುಗಿದರೆ ಮಾಮಾ ಅವರ ದಪ್ಪ ಬಾಕ್ಸ್ ನೆಲದ ಮೇಲೆ ರೆಡಿ. ಒಂದು ಹೀಟ್, ಅಂದರೆ ಒಂದು ಸಲ ಕರಗಿಸಿದ್ದನ್ನು ಸುರಿದು, ತಳದಲ್ಲಿ ಸ್ವಲ್ಪ ಲೋಹ ಉಳಿಸಿ ಕೂಡಲೇ ಮುಂದಿನ ಚಾರ್ಜ್, ಅಂದರೆ ಕರಗಿಸುವ ಹೊಸ ಲೋಹ. ಬೆಳಿಗ್ಗೆ ಒಮ್ಮೆ ಹೊತ್ತಿಸಿದರೆ ಪಾಳಿ ಮುಗಿಯುವವರೆಗೆ ನಿಲ್ಲುವುದಿಲ್ಲ. ಟನ್ನಿಗೆ 590 ಯೂನಿಟ್‌ಗೆ ಇಳಿಯಿತು. 640ರಿಂದ 590 ಅಂದರೆ ಏನು ಮಹಾ ಅಂತ ಅನಿಸಬಹುದು. ಆದರೆ ಇದು ಮಚ್ಛೆಯ ಹಳೆಯ 130 ಟನ್ನಿಗೂ ಸಿಕ್ಕಿತು, ಉದ್ಯಮಬಾಗದಿಂದ ಬಂದ ಮಾಲಿಗಂತೂ ಟನ್ನಿಗೆ 130 ಯೂನಿಟ್ ಸಿಕ್ಕಿತು.

ಈ ದುಡ್ಡು ಯಾರ ಕಿಸೆಯಿಂದಲೂ ಬರಲಿಲ್ಲ. ಶೆಡ್ಡಿನ ತಗಡಿನಿಂದ ಮೇಲೆ ಹೋಗುತ್ತಿದ್ದ ಶಾಖ ಅದು. ಅದಕ್ಕೆ ವಾರಸುದಾರರಿಲ್ಲ, ವಾಪಸ್ ಕೇಳುವವರಿಲ್ಲ, ಗುಂಪು ಕಟ್ಟಿ ಆಫೀಸಿಗೆ ಬರುವವರಿಲ್ಲ. ಅದಕ್ಕೇ ಅದು ಉಳಿಯಿತು.

ಕೂಡಿಸಿದರೆ

2024ರ ಅಕ್ಟೋಬರ್‌ನಲ್ಲಿ ಖಂಡೇಪೂಜೆ, ಅಂದರೆ ಆಯುಧಪೂಜೆ ಮುಗಿದ ಮೇಲೆ ಮೂವರೂ ಕೂತು ಲೆಕ್ಕ ಮಾಡಿದೆವು. ಸಿಬ್ಬಂದಿ 9, ಖರೀದಿ 11, ಕರೆಂಟು 26, ಸಾಗಣೆಯಲ್ಲಿ 5 ಖೋತಾ. ವರ್ಷಕ್ಕೆ 41 ಲಕ್ಷ. ಹೋದ ಆರ್ಡರಿನ 17 ಕಳೆದರೆ 24. ಒಂದೇ ಸಲದ ಖರ್ಚು 12ರ ಬದಲು 32 ಆಗಿತ್ತು: ರಿಜೆಕ್ಷನ್ 8, ಮಿಕ್ಸರ್ ಮತ್ತು ಶೆಡ್ 6, ಮಷಿನ್‌ಗೆ ಹೊಂದುವ ಹಾಗೆ ಪ್ಯಾಟರ್ನ್ ತಿದ್ದಿಸಿದ್ದು 11, ಕಾನೂನು ಮತ್ತು ಕಾಗದಪತ್ರ 7. ಹಳೆಯ ಭಟ್ಟಿ 9 ಲಕ್ಷಕ್ಕೆ ಹೋಯಿತು. ಅಂದರೆ ಕೈಯಿಂದ ಹೋದದ್ದು 23, ಒಂದು ವರ್ಷದ ನಿವ್ವಳ ಉಳಿತಾಯದಷ್ಟು.

ಕೆಟ್ಟದ್ದೇನಲ್ಲ. ಆದರೆ 84 ನಂಬಿ ಇನ್ನೊಂದು ಸಾಲ ತೆಗೆದಿದ್ದರೆ ಕಷ್ಟ ಇತ್ತು. ದಾದಾ ಅದಕ್ಕೂ ರೆಡಿ ಇದ್ದರು. ಕಾಕಾ ಬಿಡಲಿಲ್ಲ.

ಉದ್ಯಮಬಾಗದ ಭಟ್ಟಿ ಇದ್ದ ಜಾಗದಲ್ಲಿ ಈಗ ಎರಡು ಸಿಎನ್‌ಸಿ ಟರ್ನಿಂಗ್ ಮಷಿನ್‌ಗಳಿವೆ. ಬೇರೆಯವರ ಮಾಲನ್ನೂ ಜಾಬ್‌ವರ್ಕ್ ತೆಗೆದುಕೊಳ್ಳುತ್ತಾರೆ. ಅದರ ಲಾಭವನ್ನು ನಾನು ವಿಲೀನದ ಲೆಕ್ಕಕ್ಕೆ ಸೇರಿಸಿಲ್ಲ. ದಾದಾಗೆ ಅದರಲ್ಲಿ ನನ್ನ ಮೇಲೆ ಸಿಟ್ಟು.

ಮೊನ್ನೆ ದಾದಾ ಮತ್ತೆ ಫೋನ್ ಮಾಡಿದರು. ಹೊನಗಾ ಕಡೆ ಒಂದು ಫೌಂಡ್ರಿ ಮಾರಾಟಕ್ಕಿದೆ, ಬಂದು ನೋಡ್ರಿ ಅಂತ. ಹೋದೆ. ಕಾರಿನಲ್ಲಿ ಹಿಂದೆ ಕಾಕಾ ಕೂತಿದ್ದರು. ದಾದಾ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು. ಒಳ್ಳೆಯ ಗಿರಾಕಿಗಳು, ಒಳ್ಳೆಯ ಜಾಗ, ಆಫೀಸು ಒಂದು ಮಾಡಿದರೆ ಇಷ್ಟು ಉಳಿಯುತ್ತದೆ, ಖರೀದಿ ಒಂದು ಮಾಡಿದರೆ ಇಷ್ಟು. ಕಾಕಾ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು.

"ಅವರ ಭಟ್ಟಿ ದಿನಕ್ಕ ಎಷ್ಟ ತಾಸು ಖಾಲಿ ಇರ್ತೈತಿ?"

"ಖಾಲಿ ಎಲ್ಲಿ ಕಾಕಾ. ಎರಡೂ ಪಾಳಿ ಫುಲ್ ಓಡ್ತೈತಿ ಅಂತಾರ."

"ಹಂಗಾದ್ರ ಚಾ ಕುಡದ ಬರೂಣ ನಡೀರಿ."